ರಾಜನ ತಾಯಿ

೧೨ ಫೆಬ್ರವರಿ ೧೯೯೬, ಬೆಳಿಗ್ಗೆ
ಡೈರಿಗೆ ಹಾಲು ಹಾಕಿ ಬಂದೆ. ದನದ ಡಾಕ್ಟರ್ ಕುಪ್ಪುಸ್ವಾಮಿಯವರ ಜೀಪು ಇಂದೂ ಇಲ್ಲ. ನಮ್ಮ ಹೋರಿಕರು ರಾಜನ ರಕ್ತ, ಅವನ ತಾಯಿ ಗೌರಿಯ ರಕ್ತ ಬೆಂಗಳೂರಿಗೆ ಒಯ್ದವರು... ಸುದ್ದಿಯಿಲ್ಲ. ಹೋರಿ ಹಾಲು ಕೊಡುವುದಿಲ್ಲ — ಆದರೆ ಅದರ ಹೆಣ್ಣುಕರುಗಳು ಮುಂದೆ ಎಷ್ಟು ಕೊಡುತ್ತವೆಂದು ರಕ್ತದಲ್ಲಿರುವ ತಳಿಗುರುತು — ಮಾರ್ಕರ್ ಅಂತಾರೆ — ನೋಡಿ, ತಾಯಿಯ ಹಾಲಿನ ಲೆಕ್ಕ ಸೇರಿಸಿ, ಈಗಲೇ ಅಂದಾಜು ಕಟ್ಟುತ್ತಾರಂತೆ! ಗೆದ್ದರೆ ನನ್ನ ರಾಜ ತಳಿಗೆಂದು ಹೋರಿ ಸಾಕುವ ಕೇಂದ್ರದ ಸಿಂಹಾಸನಕ್ಕೆ. ಸೋತರೆ ಬಂಗಾರಪೇಟೆ ಸಂತೆ, ಕಟುಕರ ಲಾರಿ. ಸೀಮೆಹಸುವಿನ ಗಂಡುಕರುವಿಗೆ ಮೂರನೆಯ ದಾರಿ ಎಲ್ಲಿದೆ?

೧೪ ಫೆಬ್ರವರಿ
ಡಾಕ್ಟರು ಬಂದರು. ಮುಖ ಗಂಟು.
"ಮಾರ್ಕರ್ ಇದೆ, ಕದಿರಪ್ನೋರೇ. ಫಸ್ಟ್ ಕ್ಲಾಸ್. ಆದ್ರೆ ಈ ಹಸು ಇದರ ತಾಯೀನೇ ಅಲ್ಲ. ಸುಳ್ಳು ಹೇಳಿದೀರಿ."
ಸುಳ್ಳೇ! ಊರ ನಾಟಕದ ನನ್ನ ದುರ್ಯೋಧನನ ಪಾರ್ಟಿನ ಗಂಟಲು ತಾನಾಗಿ ಎದ್ದಿತು — "ಎಲೈ ವೈದ್ಯನೇ! ಈ ಕದಿರಪ್ಪನ ಕೊಟ್ಟಿಗೆಯಲ್ಲೇ ನಿಂತು..." ಬೇಲಿಯ ಮೇಲಿನ ಕೋಳಿಗಳು ಹಾರಿದವು.
ಹೆಂಡತಿ ಅಶ್ವತ್ಥಮ್ಮ ಕ್ಯಾನು ತೊಳೆಯುತ್ತಲೇ ಅಂದಳು: "ನಾಟ್ಕ ನಿಲ್ಸಯ್ಯಾ. ಈದಿದ್ದು ಸೊಣ್ಣಪ್ಪನ ಅಸು ಅಲ್ವಾ? ಕರೂನ ಒದ್ದು ಓಡಿಸ್ತು ಅಂತ ಇಲ್ಲಿಗೆ ತಂದ್ ಬಿಟ್ಟ."
ಹೌದು. ಗೌರಿಯ ಕರು ಆಗಷ್ಟೇ ಸತ್ತಿತ್ತು. ರಾಜನನ್ನು ನೆಕ್ಕಿ ಕೆಚ್ಚಲಿಗೆ ಬಿಟ್ಟುಕೊಂಡಳು. ನಮ್ಮೂರಲ್ಲಿ ಹಾಲು ಕುಡಿಸಿದವಳೇ ತಾಯಿ. ತಾಯಿ ಯಾರು ಅಂದರು, ಗೌರಿ ಅಂದೆ. ಮೋಸವೇನು ಬಂತು!
"ಈದ ಹಸುವಿನ ರಕ್ತ ಕೊಡ್ಸಿ. ಇಲ್ದಿದ್ರೆ ರಿಜೆಕ್ಟ್" ಅಂದರು ಡಾಕ್ಟರು.

೧೫ ಫೆಬ್ರವರಿ
ಸೊಣ್ಣಪ್ಪ. ನಮ್ಮ ನಾಟಕದ ಭೀಮ. ಹೋದ ವರ್ಷ, ಕರು ತಂದುಬಿಟ್ಟ ಮೇಲೆ, ನಿಜವಾಗಿಯೇ ನನ್ನ ತೊಡೆಗೆ ಗದೆ ಬಾರಿಸಿದವನು. ಅಂದಿನಿಂದ ಮಾತಿಲ್ಲ. ಅವನ ಬಾಗಿಲಲ್ಲಿ ನಿಂತೆ.
"ರಕ್ತ ಕೊಡಿಸ್ತೀನಿ ಕಣ್ಲಾ. ನಮ್ಮ ಅಸೂದೇ ಅಂತ ಆದ್ರೆ ಕರು ನಮ್ದು. ಕೇಂದ್ರಕ್ಕೆ ನನ್ನ ಎಸ್ರಲ್ಲೇ ಓಗ್ಬೇಕು."
"ಸಾಕಿದ್ದು ನಾವು ಕಣ್ಲಾ!"
"ಅಂಗಾದ್ರೆ ಸಂತೆಗೆ ಒಡ್ಕೊಂಡೋಗು."
ಒಪ್ಪಿದೆ. ಅಶ್ವತ್ಥಮ್ಮನಿಗೆ ಇನ್ನೂ ಹೇಳಿಲ್ಲ...

೨೧ ಮಾರ್ಚ್
ರಕ್ತ ತಾಳೆಯಾಯಿತು. ಸೊಣ್ಣಪ್ಪನ ಹಸುವೇ. ಕೇಂದ್ರದವರು ರಾಜನನ್ನು ಒಪ್ಪಿದರು. ಬದುಕಿದ! ಆಗ ಒಪ್ಪಂದದ ಮಾತು ಹೇಳಿದೆ.
"ಬದುಕ್ಲಿ ಬಿಡು" ಅಂದು ಅಶ್ವತ್ಥಮ್ಮ ಒಳಗೆ ಹೋದಳು. ಒಲೆ ಹೊತ್ತಿಸಲಿಲ್ಲ.

೨೩ ಮಾರ್ಚ್, ಸಂಜೆ
ಕೇಂದ್ರದ ವ್ಯಾನು ಬಂತು. ಸೊಣ್ಣಪ್ಪ ಹಗ್ಗ ಹಿಡಿದ. ಎಳೆದ, ತಳ್ಳಿದ, ಬೆವರಿದ. ರಾಜ ಕದಲಲಿಲ್ಲ. ಕೊನೆಗೆ ನನ್ನ ಮುಖ ನೋಡದೆ ಹಗ್ಗ ಚಾಚಿದ — "ನೀನೇ ವ್ಯಾನ್ಗೆ ಅತ್ತಿಸ್ಲಾ. ನನ್ ಮಾತು ಕೇಳಕಿಲ್ಲ ಅದು."
ಭೀಮನಿಗೆಂದು ಎಷ್ಟು ಮಾತು ಕೂಡಿಸಿಟ್ಟಿದ್ದೆ. ಹಗ್ಗ ಹಿಡಿದು ರಾಜನ ಕತ್ತು ತುರಿಸಿದೆ, ನಡೆದೆ. ನನ್ನ ಹಿಂದೆಯೇ ಬಂದ. ಹತ್ತಿದ.
ಗೌರಿ ಇನ್ನೂ ಕೂಗುತ್ತಿದ್ದಾಳೆ. ಹಾಲು ಕರೆಯಲು ಕೂತರೆ ಇಳಿಸಲೊಲ್ಲಳು. ತಲೆ ತಿರುಗಿಸಿ ನನ್ನ ಅಂಗೈ ಮೂಸುತ್ತಾಳೆ, ಮತ್ತೆ ಮೂಸುತ್ತಾಳೆ, ಆಮೇಲೆ ವ್ಯಾನು ಹೋದ ಹಾದಿಯ ಕಡೆ —