ಔತಣದ ದಿನ ಬರೆದ ಸರ್ಟಿಫಿಕೇಟ್

ಬನಹಟ್ಟಿ
22 ಜುಲೈ 2025

ನನ್ನ ಪ್ರೀತಿಯ ಕಾಕಾ,

ಹಿರಿಯರಿಗೆ ‘ತೀರ್ಥರೂಪ’ ಅಂತ ಬರೆಯಬೇಕು ಎಂದು ಕಾಕು ಎಷ್ಟು ಸಲ ಹೇಳಿಕೊಟ್ಟರೂ ನನಗೆ ನೀವು ಪ್ರೀತಿಯ ಕಾಕಾನೇ. ನಾಲ್ಕು ದಿನದಿಂದ ಫೋನ್ ಎತ್ತುತ್ತಿಲ್ಲವೆಂದು ಸಿಟ್ಟಾಗಿರುತ್ತೀರಿ. ಸಾರಿ, ಸಾರಿ, ಸಾರಿ! ನಿಮ್ಮ ದನಿ ಕೇಳಿದರೆ ಸಾಕು, ನಾನು ಎಲ್ಲದಕ್ಕೂ ‘ಹೂಂ ಕಾಕಾ’ ಅಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ ಇದು. ಒತ್ತಕ್ಷರ ತಪ್ಪಿದ್ದರೆ ಜಮಖಂಡಿಯ ನಿಮ್ಮ ದವಾಖಾನೆಯಲ್ಲಿ ಕೂತು ಕೆಂಪು ಪೆನ್ನಿನಿಂದ ತಿದ್ದಿಕೊಳ್ಳಿ.

ಮೊದಲು ಒಳ್ಳೆಯ ಸುದ್ದಿ. ನನ್ನ ರೊಟ್ಟಿ ಉಬ್ಬಿತು ಕಾಕಾ! ನಾನು ಖುಷಿಗೆ ಕಿರುಚಿದ್ದು ಕೇಳಿ ಪಕ್ಕದ ಮನೆಯವರು ಹಾವು ಬಂದಿದೆಯೆಂದು ಬಡಿಗೆ ಹಿಡಿದು ಓಡಿಬಂದರು. ಅತ್ತೆ ಮುತ್ತವ್ವ ಸೊಂಟದ ಮೇಲೆ ಕೈಯಿಟ್ಟು, “ಏನವಾ, ಒಂದ್ ರೊಟ್ಟಿ ಉಬ್ಬಿದ್ದಕ್ಕ ಓಣಿ ಕೂಡಸ್ತಿ, ಬುಟ್ಟಿ ತುಂಬಾ ಬಡದ್ರ ಬ್ಯಾಂಡ್ ಕರಸ್ತಿ ಏನ?” ಅಂದರು. ಓಣಿಯ ಮಗ್ಗಗಳ ಸದ್ದಿಗೆ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಈಗ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತದೆ. ಗೌರೀಶ ನಗುತ್ತಾರೆ. ಹೌದು, ಹೆಸರು ಹಿಡಿದೇ ಕರೆಯುತ್ತೇನೆ, ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಇಷ್ಟು ಸುಖ ಇರಬಹುದು ಅಂತ ಗೊತ್ತೇ ಇರಲಿಲ್ಲ.

ಇನ್ನು ಕೈಯ ವಿಷಯ. ಮಗ್ಗದ ಬೆಲ್ಟಿಗೆ ಗೌರೀಶರ ಬಲಗೈ ಸಿಕ್ಕ ದಿನ ರಕ್ತ ನಿಲ್ಲಿಸಿ ಹೊಲಿಗೆ ಹಾಕಿದವರು ನೀವೇ. ಅದನ್ನು ಸಾಯುವವರೆಗೆ ಮರೆಯುವುದಿಲ್ಲ. ಎಲುಬು ಕೂಡಿದೆ, ಗಾಯ ಮಾಗಿದೆ. ಮುಷ್ಟಿಯೂ ಕಟ್ಟಬಲ್ಲರು. ಆದರೆ ಹೆಬ್ಬೆರಳು ತೋರುಬೆರಳಿನ ತುದಿಗೆ ಮುಟ್ಟುವುದಿಲ್ಲ ಕಾಕಾ. ಮಗ್ಗದಲ್ಲಿ ಹಾಸಿನ ಎಳೆ ಹರಿದರೆ ಆ ಎರಡು ಬೆರಳ ತುದಿಯಿಂದಲೇ ಹಿಡಿದು ಗಂಟು ಹಾಕಬೇಕು. ದಿನಕ್ಕೆ ನೂರಾರು ಸಲ. ಅದಾಗದಿದ್ದರೆ ಮಗ್ಗ ನಿಂತಂತೆಯೇ. ಮೊನ್ನೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಎರಡು ಕೆಂಪು ಎಳೆಗಳನ್ನು ಕೂಡಿಸಲು ಹೆಣಗುತ್ತಿದ್ದರು. ನನ್ನ ಗೆಜ್ಜೆಯ ಸದ್ದಾದ ಕೂಡಲೇ ಎಳೆಗಳನ್ನು ಕಿಸೆಗೆ ತುರುಕಿ, “ಚಾ ಮಾಡ್ತೀ ಏನ?” ಅಂತ ಕೇಳಿದರು.

ಶುಕ್ರವಾರ ನಾವಿಬ್ಬರೂ ಮಗ್ಗದ ಮಾಲೀಕ ಬಸಗೊಂಡಪ್ಪ ಅವರ ಬಳಿಗೆ ಪರಿಹಾರದ ಮಾತಾಡಲು ಹೋದೆವು. ಅವರು ನಕ್ಕು, ನೀವು ಬರೆದ ಸರ್ಟಿಫಿಕೇಟ್ ತೆಗೆದು ನನ್ನ ಮುಂದೆ ಇಟ್ಟರು.

“ಓದವಾ ತಂಗಿ, ನೀ ಸಾಲಿ ಕಲತಾಕಿ. ನಿಮ್ಮ ಕಾಕಾನ ಬರದಾರ, ಕೈ ಛಲೋ ಐತಿ ಅಂತ. ನಮ್ಮ ಮಗ್ಗದ ಮಂದಿ ಎಲ್ಲಾರಿಗೂ ಅವರೇ ಡಾಕ್ಟರು. ಸೋಮವಾರದಿಂದ ಮಗ್ಗಕ್ಕ ಬರಲಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೊಳ್ಳಿ.”

ಓದಿದೆ. ‘ಬಲಗೈಯ ಹಿಡಿತ ಸರಿಯಾಗಿದೆ. ತೊಂದರೆಯಿಲ್ಲದೆ ಊಟ ಮಾಡುತ್ತಾರೆ. ಮೊದಲಿನ ಕೆಲಸಕ್ಕೆ ಅರ್ಹರು.’ ಕೆಳಗೆ ನಿಮ್ಮ ಸಹಿ, ನಿಮ್ಮ ಮನೆಯ ಔತಣದ ದಿನದ ತಾರೀಖು.

ಆ ದಿನ ನೀವು “ಅಳಿಯಂದ್ರನ್ನ ಊಟಕ್ಕ ಕರಕೊಂಡ್ ಬಾ, ಕೈನೂ ನೋಡಿಧಾಂಗ ಆಗತೈತಿ” ಅಂದಿದ್ದಿರಿ. ಪೆದ್ದಿ ನಾನು, ಎರಡೂ ಕೆಲಸ ಒಂದೇ ಸಲ ಆಯಿತೆಂದು ಕುಣಿದಾಡಿದ್ದೆ. ಹೊಸ ಅಳಿಯ ಬೀಗರ ಮನೆಯಲ್ಲಿ ನೋವು ಅನ್ನುವುದುಂಟೇ? ನೀವು “ಹೆಂಗೈತ್ರಿ ಕೈ?” ಅಂದಿರಿ, ಅವರು “ಆರಾಮ ಐತ್ರಿ ಮಾವಾರ” ಅಂದರು. ಎಡಗೈಯಲ್ಲಿ ಉಂಡರೆ ಅಪಮಾನ, ಚಮಚ ಕೇಳಿದರೆ ಸಂಕೋಚ. ಹಲ್ಲು ಕಚ್ಚಿ ಬಲಗೈಯಲ್ಲೇ ಉಂಡರು. ಮನೆಯಲ್ಲಿ ನಾನೇ ಕಲಸಿ ಕೊಡುತ್ತೇನೆ ಅನ್ನುವುದು ನಿಮಗೆ ಹೇಗೆ ಗೊತ್ತಾಗಬೇಕು? ಗೊತ್ತಾಗದ ಹಾಗೆ ಅವರೇ ನೋಡಿಕೊಂಡರು. ಅಳಿಯನನ್ನು ಮಂಚದ ಮೇಲೆ ಕೂರಿಸಿ ಬೆರಳು ಎಳೆದು ನೋಡಲು ನಿಮಗೂ ಮನಸ್ಸಾಗಲಿಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮುಂದೇನು ಮಾಡಬೇಕೆಂದು ಕೇಳಲು ಹೋದಾಗ ವಕೀಲ ಸಿದ್ದಾರೂಢ ಅವರು ಸ್ಪಷ್ಟವಾಗಿ ಹೇಳಿದರು. “ಯಾವ ಡಾಕ್ಟರಿಗೆ ತೋರಸಬೇಕು ಅನ್ನೂದು ನಿಮ್ಮ ಇಷ್ಟರಿ ಮೇಡಂ. ಮುಧೋಳದಾಗ ಎಲುಬಿನ ಡಾಕ್ಟರ್ ಸುವರ್ಣಾ ಅಂತ ಅದಾರ, ಅಳತಿ ಮಾಡಿ ಬರೀತಾರ. ಆದ್ರ ಎರಡ ಕಾಗದ ಎರಡ ಮಾತ ಹೇಳಿದ್ರ, ಮೊದಲಿನ ಡಾಕ್ಟರನ್ನ ಕರಸಿ ಕೇಳ್ತಾರ. ತಯಾರ ಇರ್ರಿ.”

ಮೊದಲಿನ ಡಾಕ್ಟರ್ ಅಂದರೆ ನೀವು ಕಾಕಾ.

ಮನೆಗೆ ಬಂದು ಹೇಳಿದರೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಬೀಗರನ್ನ ಕೋರ್ಟಿಗೆ ಎಳದ್ರು ಅಂತಾರಬೇ ಮಂದಿ!” ಗೌರೀಶ ಇನ್ನೂ ಮೆತ್ತಗೆ ಹೇಳಿದರು. “ಬ್ಯಾಡ ಬಿಡ ಅಕ್ಕು. ಅಪ್ಪ ಇಲ್ಲದ ಹುಡುಗಿನ ಎತ್ತಿ ಬೆಳಸಿದ ಮನಷ್ಯಾ. ಅವರಿಗೆ ಎದುರು ನಿಂತ್ರ ನಿನಗ ತವರಮನಿ ಉಳಿತೈತೇನ?”

“ಹಂಗಾರ ನಿಮ್ಮ ಹೆಬ್ಬಟ್ಟು?”

“ಸಹಿ ಮಾಡೂದು ಕಲತೇನಲ್ಲ, ಹೆಬ್ಬಟ್ಟು ಯಾಕ ಬೇಕ?” ಅಂದು ನಕ್ಕರು. ನನಗೆ ನಗು ಬರಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು.

ನಿನ್ನೆ ಸೋಮವಾರ ಅವರು ಮಗ್ಗಕ್ಕೆ ಹೊರಟಿದ್ದರು ಕಾಕಾ. ಬುತ್ತಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ. ನಾನು ಬಾಗಿಲಿಗೆ ಅಡ್ಡ ನಿಂತೆ. ನಿಮ್ಮ ಅಕ್ಕು, ಜಿರಳೆ ಕಂಡರೆ ಮಂಚ ಹತ್ತುವವಳು! “ಒಂದು ಎಳೆಗೆ ಗಂಟು ಹಾಕಿ ತೋರಿಸ್ರಿ, ಆಮ್ಯಾಲೆ ಹೋಗ್ರಿ” ಅಂದೆ. ಅವರು ಬುತ್ತಿಯನ್ನು ಕೆಳಗಿಟ್ಟರು.

ನಾಳೆ ಮುಂಜಾನೆಯ ಬಸ್ಸಿಗೆ ಮುಧೋಳಕ್ಕೆ ಹೋಗುತ್ತೇವೆ. ನಿಮಗೆ ಬೇರೆಯವರ ಬಾಯಿಂದ ತಿಳಿಯಬಾರದು, ನನ್ನಿಂದಲೇ ತಿಳಿಯಬೇಕು. ಆ ಕಾಗದವನ್ನು ನೀವೇ ಹಿಂದೆ ತೆಗೆದುಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ತೆಗೆದುಕೊಳ್ಳದಿದ್ದರೂ ನಾವು ಹೋಗುವವರೇ.

ಪಂಚಮಿ ಹಬ್ಬಕ್ಕೆ ನನ್ನನ್ನು ಕರೆಯಲು ಭಾನುವಾರ ಬರುತ್ತೀರೆಂದು ಕಾಕು ಹೇಳಿದ್ದರು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದ್ದೀರಂತೆ. ಮೊದಲನೇ ಪಂಚಮಿ, ತವರಿನಿಂದ ಯಾರೂ ಬರದಿದ್ದರೆ ಓಣಿಯಲ್ಲಿ ನಾನು ಹೇಗೆ ಮುಖ ತೋರಿಸಲಿ? ಚೀಲ ತುಂಬಿ ಬಾಗಿಲ ಬಳಿ ಇಟ್ಟಿರುತ್ತೇನೆ. ಬನ್ನಿ ಅಂತ ಹೇಳುವ ಧೈರ್ಯವಿಲ್ಲ, ಬರಬೇಡಿ ಅನ್ನಲಾರೆ.

ಕಾಕುಗೆ ಬಿಪಿ ಗುಳಿಗೆ ನೆನಪಿಸಿ. ನಿಮ್ಮಿಬ್ಬರ ಕಾಲಿಗೆ ನಮ್ಮಿಬ್ಬರ ನಮಸ್ಕಾರ. ಸಿಟ್ಟಿದ್ದರೂ ಸರಿ, ತಲೆಯ ಮೇಲೆ ನಿಮ್ಮ ಕೈ ಇರಲಿ.

ಎಂದೆಂದಿಗೂ ನಿಮ್ಮ
ಅಕ್ಕು

ತಾ.ಕ.: ಮೇಲೆ ‘ನಿಮಗೆ ಹೇಗೆ ಗೊತ್ತಾಗಬೇಕು’ ಎಂದು ಬರೆದೆ. ಹೊಡೆದು ಹಾಕೋಣವೆಂದುಕೊಂಡೆ, ಆಗಲಿಲ್ಲ. ಔತಣದ ದಿನ ಇವರಿಗೆ ಹೋಳಿಗೆ ಮುರಿಯಲಾಗಲಿಲ್ಲ. ನೀವಿನ್ನೂ ಊಟಕ್ಕೆ ಕೈ ಹಚ್ಚಿರಲಿಲ್ಲ. ಮಳೆಯ ಮಾತಾಡುತ್ತಲೇ ಕೈ ಚಾಚಿ, ಅವರ ತಾಟಿನ ಹೋಳಿಗೆಯನ್ನು ಸಣ್ಣ ಚೂರುಗಳಾಗಿ ಮುರಿದಿಟ್ಟಿರಿ, ಯಾರಿಗೂ ಕಾಣದ ಹಾಗೆ. ಎಂಥ ಕಾಕಾ ನನ್ನವರು ಅಂತ ಎದೆ ತುಂಬಿ ಬಂದಿತ್ತು. ಊಟ ಮುಗಿಸಿ, ಕೈ ತೊಳೆದು ಬಂದು, ‘ತೊಂದರೆಯಿಲ್ಲದೆ ಊಟ ಮಾಡುತ್ತಾರೆ’ ಎಂದು ಬರೆದಿರಿ.

ತುಪ್ಪದ ಮಿಳ್ಳಿ ಹಿಡಿದು ನಾನು ನಿಮ್ಮ ಹಿಂದೆಯೇ ನಿಂತಿದ್ದೆ, ಕಾಕಾ.