ಹೆರಿಗೆ ಕೋಣೆಯಲ್ಲಿ ಎಲ್ಲರ ಭಾಷೆ

ಅಕ್ಕಾ, ನಮಸ್ಕಾರ. ನೀನು ಪೇಪರಲ್ಲಿ ಓದಿ ಹೆದರಿದ್ದ ಗಲಾಟೆ ತಣ್ಣಗಾಯ್ತು. ಆಸ್ಪತ್ರೆಗಳಲ್ಲಿ ರಾಜ್ಯಭಾಷೆ ಬಿಟ್ಟು ಬೇರೆ ಮಾತಾಡಬಾರದು ಅನ್ನೋ ಆದೇಶವನ್ನ ಇಲ್ಲಿನ ಸರ್ಕಾರ ನಿನ್ನೆ ವಾಪಸ್ ತಗೊಂಡಿತು. ಬೀದಿಗಿಳಿದಿದ್ದ ಜನ ಮನೆ ಸೇರಿದರು.

ಇವತ್ತು ಬೆಟ್ಟದ ಕಡೆಯವಳೊಬ್ಬಳು ಹೆರಿಗೆಗೆ ಬಂದಳು. ಇಷ್ಟು ದಿನ ಅವಳ ಭಾಷೆಯನ್ನ ಕದ್ದುಮುಚ್ಚಿ ಆಡುತ್ತಿದ್ದ ನಮ್ಮ ಹಿರಿಯ ನರ್ಸು, "ಜೋರಾಗಿ ಮುಕ್ಕು ತಾಯಿ, ಇನ್ನೊಂಚೂರು" ಅಂತ ಅದೇ ಭಾಷೆಯಲ್ಲಿ ಬಾಯ್ತುಂಬ ಕೂಗಿದರು. ಡಾಕ್ಟರು ತಮ್ಮ ಭಾಷೆಯಲ್ಲಿ ಕೂಗಿದರು, ಆಯಾ ತನ್ನದರಲ್ಲಿ. ನಾನೂ ತಡೀಲಾರದೆ ಕನ್ನಡದಲ್ಲೇ ಕೂಗಿಬಿಟ್ಟೆ. ಹೆಣ್ಣುಮಗು, ಗುಂಡುಗುಂಡಾಗಿದೆ.

ನನ್ನ ಗಂಟಲು ಕಟ್ಟಿದೆ, ಮಿಕ್ಕಂತೆ ಆರೋಗ್ಯ. ವಾರ್ಡಲ್ಲಿ ಕರೀತಿದ್ದಾರೆ, ಮುಗಿಸ್ತೀನಿ. ಬಾಣಂತಿ ನನ್ನ ಬಗ್ಗೆ ನರ್ಸಮ್ಮನ ಹತ್ತಿರ ಹೇಳಿದಳಂತೆ: "ಆ ಹುಡುಗಿಯದು ಯಾವ ಭಾಷೆನೋ ಗೊತ್ತಿಲ್ಲ, ಅವಳು ಬೈದ ಮೇಲೇ ಮಗು ಬಂತು."

ನಿನ್ನ ತಂಗಿ