ಸೀಳಿದ ಹಲಗಿ, ಗಟ್ಟಿ ಹಲಗಿ

ಜುಲೈ 6, ರವಿವಾರ. ಮುಂಜಾನೆ

ಏಕಾದಶಿ. ಸಾಬುದಾಣಿ ನೆನಿ ಹಾಕೀನಿ. ಬೀಗತಿ ಪ್ರೇಮಾ ಮೈಸೂರಿಂದ ಬಂದು ವಾರ ಆತು. ಸೊಸಿ ತಾಯಿ, ಏನೂ ಅನ್ನಂಗಿಲ್ಲ. ಟೈಪಿಂಗ್ ಕ್ಲಾಸ್ ನಡಸ್ತಿದ್ದಳಂತ. ಮೊಮ್ಮಗಳು ತನ್ವಿ ಕಂಪ್ಯೂಟರಿನ ಕೀಬೋರ್ಡ್ ತಾನಾ ಕಟ್ಟಾಕತ್ತಾಳ. ನಾರಾಯಣಗೂಡದಿಂದ ಕಾಲೇಜ್ ಮುಗಿಸಿ ಬಂದ್ರ ಅದಾ ಹುಚ್ಚು. ಇಬ್ಬರೂ ತಲಿಗೆ ತಲಿ ಹಚ್ಚಿ ಕುಂತಿರ್ತಾರ. ನಾ ಹೋದ್ರ, "ಅಜ್ಜಿ, ಸ್ವಲ್ಪ ತಡಿ."

ಹುಟ್ಟಿದಾಗಿಂದ ಜಡಿ ಹಾಕಿದಾಕಿ ತಡೀಬೇಕು. ವಾರದ ಹಿಂದ ಬಂದಾಕಿ ಬಾಜೂಕ ಕೂಡಬೇಕು.

ಅದಾ ದಿನ, ಸಂಜಿ

ಪ್ರೇಮಾ ತರಿಸಿದ ಪಿಸಿಬಿ ಬಂತು. ಕೀಬೋರ್ಡಿನ ಗುಂಡಿ ಕೆಳಗಿರೋ ಹಲಗಿ, ಮೈತುಂಬ ಸಣ್ಣ ಗೆರಿ. ಎತ್ತಿ ಬೆಳಕಿಗೆ ಹಿಡದೆ — ಅಲ್ಲಲ್ಲೆ ಸೀಳು! ಒಳಗೊಳಗ ಹಬ್ಬ ಆತು.

"ಅಯ್ಯ ಬೀಗತಿ, ಒಡಕ ಮಾಲು ಕೊಟ್ಟಾರ ನಿಮಗ!"

ತನ್ವಿ ನಕ್ಕಳು. "ಅಜ್ಜಿ, ಅದು ಬೇಕಂತನಾ ಕೊಯ್ದದ್ದು. ಫ್ಲೆಕ್ಸ್ ಕಟ್. ಹಲಗಿ ಬಾಗತೈತಿ, ಒತ್ತಿದ್ರ ಮೆತ್ತಗ."

ಪ್ರೇಮಾ ನಗಲಿಲ್ಲ. ನಕ್ಕಿದ್ರ ಛಲೋ ಇತ್ತು. "ನನಗೂ ಮೊದಲು ಹಾಗೇ ಅನ್ನಿಸ್ತು ಯಂಕಮ್ಮನವರೇ" ಅಂದಳು. ಬಾಯಿ ತುಂಬ ಬೆಲ್ಲ.

ಜುಲೈ 7

ಮಗ ಕಾಶಿನಾಥಗ ಹೇಳಿದೆ — ಸೀಳಿಲ್ಲದ್ದು, ಗಟ್ಟಿದು ಒಂದು ತರಸು. ನನ್ನ ಹೆಸರಲೆ.

"ಅವ್ವಾ, ಒಂದು ಕೀಬೋರ್ಡಿಗೆ ಎರಡು ಪಿಸಿಬಿ ಯಾಕ?"

"ಒಂದು ಹುಡುಗಿಗೆ ಎರಡು ಅಜ್ಜಿ ಯಾಕ? ತರಸು."

ಜುಲೈ 12, ಶನಿವಾರ

ನಂದು ಬಂತು. ಒಂದು ಸೀಳಿಲ್ಲ. ರೊಟ್ಟಿ ಹಂಚಿನಂಗ ಐತಿ.

ತನ್ವಿ ಪೇಚಿಗೆ ಬಿದ್ದಳು. ಕೀಬೋರ್ಡಿನ ಡಬ್ಬಿ ಒಂದಾ, ಅದರಾಗ ಹಲಗಿ ಒಂದಾ ಕೂಡತೈತಿ. "ನೆಟ್‌ನಾಗ ಇದಕ್ಕ ಜಗಳ ನಡದಾವ ಅಜ್ಜಿ. ಅರ್ಧ ಮಂದಿ ಭಾಳ ಫರಕ್ ಐತಿ ಅಂತಾರ, ಅರ್ಧ ಮಂದಿ ಎಲ್ಲಾ ಭ್ರಮಾ ಅಂತಾರ. ನಾಳೆ ನೀವಿಬ್ಬರೂ ಕಣ್ಣು ಕಟ್ಟಿಕೊಂಡು ಒತ್ತಿ ನೋಡಿ, ಯಾವುದು ಛಲೋ ಹೇಳ್ರಿ. ಗೆದ್ದದ್ದು ಒಳಗ ಇರತೈತಿ. ದಿನಾ ಅದರ ಮ್ಯಾಲೆ ಬರೀತೀನಿ."

ದಿನಾ... ಆಕಿ ಬೆರಳ ಕೆಳಗ ದಿನಾ ನಂದು. ಇಲ್ಲಾ ಬೀಗತಿದು.

ಜುಲೈ 13, ಮಧ್ಯಾಹ್ನ

ಇಬ್ಬರಿಗೂ ಓಢಣಿ ಕಟ್ಟಿದಳು. ಒತ್ತಿದಿವಿ. ಗುಂಡಿ ಕಿತ್ತು, ಹಲಗಿ ಬದಲಿಸಿ, ಮತ್ತ ಕೂಡಿಸಿದಳು. ಮತ್ತ ಒತ್ತಿದಿವಿ. ಟಕ್ ಟಕ್. ಖರೆ ಅಂದ್ರ ನನಗೇನೂ ತಿಳೀಲಿಲ್ಲ. ಎರಡೂ ಒಂದಾ.

ತಲಿ ಓಡಿಸಿದೆ. ಮನಿಗೆ ಬಂದವರಿಗೆ ಮೊದಲ ತಾಟು. ಬೀಗರ ಮುಂದ ಮನಿ ಹುಡುಗಿ ಅದನ್ನ ಮರಿಯಂಗಿಲ್ಲ. ಅಂದ್ರ ಮೊದಲಿಂದು ಆಕಿದು, ಎರಡನೇದು ನಂದು.

"ಎರಡನೇದು! ಬೆಣ್ಣಿ ಒತ್ತಿದಂಗ. ಮೊದಲಿಂದು ಬರೇ ಕಲ್ಲು."

ಪ್ರೇಮಾ, "ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲಮ್ಮ" ಅಂದಳು.

ಓಢಣಿ ಬಿಚ್ಚಿದಾಗ ತನ್ವಿ ಮಾರಿ ಸಣ್ಣಗಾಗಿತ್ತು.

"ಅಜ್ಜಿ... ಆ ಕಲ್ಲು ನಿಂದು."

"ನಂದ್ಯಾಕ ಮೊದಲ ಇಟ್ಟಿ? ಬಂದವರದು ಇಡಬೇಕಿಲ್ಲೇನು?"

"ನಿಂದಾ ಅಲ್ಲೇನು ಮೊದಲು? ಯಾವಾಗಲೂ."

ನನ್ನ ಬಾಯಿಲೆ ನಾನಾ ಆಕಿ ಹಲಗಿ ಗೆಲ್ಲಿಸಿದೆ.

ಜುಲೈ 18, ಶುಕ್ರವಾರ

ಬರಿಯಾಕ ಮನಸಾಗಿದ್ದಿಲ್ಲ. ಸೀಳಿದ ಹಲಗಿ ಟಕ್ ಟಕ್ ಅಂತೈತಿ. ಕೇಳಕೋತ ಕೂಡಬೇಕು.

ಇವತ್ತು ಮೆಹದಿಪಟ್ಟಣಂ ರೈತು ಬಜಾರಿನ ಮೆಂತ್ಯಾ ಸೋಸ್ಕೋತ ಕುಂತಿದ್ದಿವಿ. ಪ್ರೇಮಾ ಕೇಳಿದಳು, "ಎರಡನೇದು ನಿಜವಾಗ್ಲೂ ಮೆತ್ತಗಿತ್ತಾ?"

"ಅಂದೆನಲ್ಲ."

ಕೈಯಾಗಿನ ಸಿವುಡು ಸೋಸಿ ಮುಗಿಸಿದಳು. ಆಮ್ಯಾಲೆ —

"ಮೊದಲನೇದೇ ನಿಮ್ಮದು ಅಂತ ನನಗೆ ಗೊತ್ತಿತ್ತು. ಬಂದಾಗಿಂದ ನೋಡ್ತಿದೀನಲ್ಲ. ಕಾಲೇಜಿಂದ ಬಂದ್ರೆ ಅವಳು ಮೊದಲು ನುಗ್ಗೋದು ನಿಮ್ಮ ರೂಮಿಗೆ. ನನ್ನ ಹತ್ರ ಬರೋದು ಆಮೇಲೆ. ನಿಮ್ಮ ಹಲಗೆಯೇ ಚೆನ್ನಾಗಿತ್ತು ಕಣ್ರೀ, ಕೈಗೆ ಹಿತವಾಗಿತ್ತು. ಹೇಳೋಕೆ ಬಾಯೇ ಬರಲಿಲ್ಲ."

ಅಯ್ಯ ಶಿವನ! ಟೈಪಿಂಗ್ ಟೀಚರಿಗೂ ಹೊಟ್ಟಿಕಿಚ್ಚು! ನಾ ಒಬ್ಬಾಕಿನಾ ಸುಡಾಕತ್ತೀನಿ ಅಂತ ತಿಳಕೊಂಡಿದ್ದೆ. ಮೊದಲ ಸಲ ಆಕಿ ಮಾರಿ ನೆಟ್ಟಗ ನೋಡಿದೆ. ಕಣ್ಣಾಗ ನೀರಿತ್ತು. ಇನ್ನೊಂದು ಸಿವುಡು ಆಕಿ ಕಡೆ ಸರಿಸಿದೆ.

ಹಲಗಿ ಬದಲ ಮಾಡು ಅನ್ನಬೇಕೇನು ತನ್ವಿಗೆ? ಅಂದ್ರ ಇಬ್ಬರ ಸುಳ್ಳೂ ಬಯಲಿಗೆ ಬೀಳ್ತಾವ. ಇರಲಿ. ಟಕ್ ಅನ್ನಲಿ.

ತನ್ವಿ ಒಳಗಿಂದ ಕೂಗಾಕತ್ತಾಳ — "ಅಜ್ಜಿ, ಬಾ ಇಲ್ಲೆ!" ಯಾವ ಅಜ್ಜಿ, ಹೇಳಿಲ್ಲ. ಹಾಲ್‌ನಾಗ ಪ್ರೇಮಾ ಕುರ್ಚಿ ಸರಿಸಿದ ಸಪ್ಪಳ. ನನ್ನ ಮೊಣಕಾಲು ಹಾಳಾಗ್ಯಾವ, ಖರೆ. ಆದ್ರ ತನ್ವಿ ಬಾಗಲಾ ನನಗ ಹತ್ರ —